ಟ್ಯೂಲಿಪ್, ಹಯಸಿಂತ್ ಯಾಕೆ ಕೈಕೊಟ್ಟವು? ಪುಣೆ, ಮುಂಬೈ, ಗೋವಾ ಮನೆಗಳಿಗೊಂದು ದೋಷ ನಿವಾರಣೆ ಕೈಪಿಡಿ

ಕುಂಡದಲ್ಲಿ ಎಲೆ ಇದೆ, ಹೂವಿಲ್ಲ. ಅಥವಾ ಮೊಗ್ಗು ಬಂತು, ಒಣಗಿತು. ಅಥವಾ ಹಯಸಿಂತ್ ಹೂ ಎಲೆಗಳ ಬುಡದಲ್ಲೇ ಸಿಕ್ಕಿಕೊಂಡು ಅಲ್ಲೇ ಅರಳಿತು. ಫೆಬ್ರವರಿಯಲ್ಲಿ ಪುಣೆ, ಮುಂಬೈ, ಗೋವಾ ಕಡೆಯ ನಮ್ಮವರು ಕಳಿಸುವ ಫೋಟೋಗಳಲ್ಲಿ ಹೆಚ್ಚುಕಮ್ಮಿ ಈ ಮೂರೇ ಕಥೆ. ಕೇಳುವ ಪ್ರಶ್ನೆಯೂ ಒಂದೇ: "ಏನು ಗೊಬ್ಬರ ಹಾಕಲಿ?"

ಗೊಬ್ಬರ ಬೇಡ. ಈ ವರ್ಷದ ಹೂವಿಗೆ ಬೇಕಾದ ಆಹಾರವೆಲ್ಲ ಗೆಡ್ಡೆಯ ಒಳಗೇ ಇರುತ್ತದೆ. ಹೂವೂ ಒಳಗೇ ಇರುತ್ತದೆ. ಹಾಲೆಂಡಿನ ಹೊಲದಲ್ಲಿ ಜೂನ್, ಜುಲೈ ಹೊತ್ತಿಗೆ ಕಿತ್ತ ಟ್ಯೂಲಿಪ್ ಗೆಡ್ಡೆಯೊಳಗೆ, ಅದು ನಮ್ಮ ಕೈಗೆ ಬರುವ ಮೊದಲೇ, ಪುಟ್ಟದೊಂದು ಹೂ ತಯಾರಾಗಿ ಕೂತಿರುತ್ತದೆ. ದಳ, ಕೇಸರ, ಎಲ್ಲ. ಅದನ್ನು ಸಾಯಿಸದೆ ಹೊರಗೆ ತರುವುದಷ್ಟೇ ನಮ್ಮ ಕೆಲಸ. ಹಾಗಾಗಿ ಫೆಬ್ರವರಿಯಲ್ಲಿ ಕಣ್ಣಿಗೆ ಬೀಳುವ ದೋಷ ಹೆಚ್ಚಿನ ಸಲ ನವೆಂಬರ್, ಡಿಸೆಂಬರ್‌ನಲ್ಲೇ ಆಗಿಹೋಗಿರುತ್ತದೆ, ಅದೂ ನಮ್ಮ ಊರುಗಳಲ್ಲಿ ಸಿಗದ ಚಳಿ ಕೊಡಲೆಂದು ಗೆಡ್ಡೆಯನ್ನು ವಾರಗಟ್ಟಲೆ ಇಡುವ ಫ್ರಿಜ್ ಒಳಗೆ. ಕುಂಡಕ್ಕೆ ಏನು ಸುರಿದರೂ ಅದು ಸರಿಹೋಗುವುದಿಲ್ಲ. ಆದರೆ ಎಲ್ಲಿ ತಪ್ಪಿತು ಅಂತ ಕಂಡುಹಿಡಿಯಬಹುದು, ಉಳಿದ ಗೆಡ್ಡೆಗಳನ್ನು ಉಳಿಸಿಕೊಳ್ಳಬಹುದು.

ಒಂದು ಗೆಡ್ಡೆ ಕೊಯ್ದು ನೋಡಿ

ಸುಮ್ನೆ ಊಹೆ ಮಾಡುತ್ತಾ ಕೂರುವುದಕ್ಕಿಂತ, ಕೈಕೊಟ್ಟ ಗೆಡ್ಡೆಗಳಲ್ಲಿ ಒಂದನ್ನು ಕಿತ್ತು ಮಣ್ಣು ತೊಳೆಯಿರಿ. ತುದಿಯಿಂದ ಬುಡದವರೆಗೆ ಉದ್ದಕ್ಕೆ ಎರಡು ಹೋಳು ಮಾಡಿ. ಅಡುಗೆಮನೆ ಚಾಕು ಬೇಡ, ಪೇಪರ್ ಕಟ್ಟರ್ ಸಾಕು. ಹಯಸಿಂತ್ ಆದರೆ ಮೊದಲು ಗ್ಲೌಸ್ ಹಾಕಿಕೊಳ್ಳಿ. ಅದರಲ್ಲಿ ಸೂಜಿಮೊನೆಯಂಥ ಸಣ್ಣ ಹರಳುಗಳಿವೆ. ಸುವರ್ಣಗೆಡ್ಡೆ ಹೆಚ್ಚುವಾಗ ಕೈ ಕಡಿಯುವುದು ಯಾವುದರಿಂದಲೋ ಇಲ್ಲೂ ಅದರಿಂದಲೇ. ಆ ಕೈಯಲ್ಲಿ ಕುತ್ತಿಗೆಯ ಬೆವರು ಒರೆಸಿಕೊಂಡರೆ ಆಮೇಲೆ ಕೆರೆದುಕೊಳ್ಳುವುದೇ ಕೆಲಸ.

ಒಳಗೆ ಈರುಳ್ಳಿಯ ಹಾಗೆ ಬಿಳಿ ಪದರಗಳು. ನಡುವೆ, ಬುಡದ ಗಟ್ಟಿ ಬಿಲ್ಲೆಯಿಂದ ಎದ್ದ ಮೊಳಕೆ. ಅದರ ಎಲೆಗಳನ್ನು ಕಡ್ಡಿಯಿಂದ ಒಂದೊಂದಾಗಿ ಬಿಡಿಸುತ್ತಾ ತುದಿಯವರೆಗೆ ಹೋಗಿ. ಬೆಳಕಿಗೆ ಹಿಡಿದು ನೋಡಿ. ಮೂರರಲ್ಲಿ ಒಂದು ಕಾಣುತ್ತದೆ.

ಅಲ್ಲಿ ಮೊಗ್ಗೇ ಇಲ್ಲದಿದ್ದರೆ ಗೆಡ್ಡೆಗೆ ಹೂ ಕೊಡುವ ತಾಕತ್ತು ಮೊದಲಿನಿಂದಲೂ ಇರಲಿಲ್ಲ.

ಮೊಗ್ಗು ಇದ್ದು, ಚಹಾ ಬಣ್ಣಕ್ಕೆ ತಿರುಗಿ ಕಾಗದದ ಹಾಗೆ ಒಣಗಿದ್ದರೆ, ಬೆರಳಲ್ಲಿ ಉಜ್ಜಿದಾಗ ಪುಡಿಯಾದರೆ, ಹೂ ಇತ್ತು, ಮಧ್ಯದಲ್ಲಿ ಸತ್ತಿತು.

ಮೊಗ್ಗು ಹಸಿಯಾಗಿ, ಗಟ್ಟಿಯಾಗಿ, ಬಣ್ಣ ಏರುತ್ತಾ ಇದ್ದು ಅದರ ಕೆಳಗಿನ ದಂಟು ಮಾತ್ರ ಮೋಟಾಗಿದ್ದರೆ, ಚಳಿ ಸಾಲಲಿಲ್ಲ.

ಈ ಮೂರಕ್ಕೂ ಕಾರಣ ಬೇರೆ, ಮದ್ದು ಬೇರೆ. ಹೊರಗಿನಿಂದ ನೋಡಿದರೆ ಮೂರೂ "ಹೂ ಬರಲಿಲ್ಲ" ಅಷ್ಟೇ. ಅದಕ್ಕೇ ಕೊಯ್ಯಿರಿ ಅನ್ನುವುದು. ಒಂದು ಗೆಡ್ಡೆ ಹೋದರೆ ಹೋಗಲಿ, ಅದು ಹೇಗೂ ಅರಳುವುದಿಲ್ಲ.

ಮೊಗ್ಗೇ ಇಲ್ಲ

ಇದು ಸುಲಭದ ಕೇಸು. ಟ್ಯೂಲಿಪ್ ಆದರೆ ಕೊಯ್ಯುವುದೂ ಬೇಡ. ಒಂದೇ ಒಂದು ಅಗಲವಾದ ಎಲೆ ಎದ್ದು ನಿಂತಿದ್ದರೆ ಆ ಗೆಡ್ಡೆ ಹೂ ಕೊಡುವುದಿಲ್ಲ. ಹೂ ಬರುವ ಟ್ಯೂಲಿಪ್‌ಗೆ ಎರಡಕ್ಕಿಂತ ಕಡಿಮೆ ಎಲೆ ಇರುವುದಿಲ್ಲ.

ಕಾರಣ, ಗೆಡ್ಡೆ ಸಣ್ಣದು. ಗೆಡ್ಡೆಯ ಅಳತೆ ಎಂದರೆ ಸುತ್ತಳತೆ. ಹೊಟ್ಟೆಯ ಸುತ್ತ ದಾರ ಸುತ್ತಿ ಸ್ಕೇಲಿನ ಮೇಲೆ ಇಟ್ಟು ನೋಡಿ. ಟ್ಯೂಲಿಪ್‌ಗೆ 12 ಸೆಂಟಿಮೀಟರ್, ಹಯಸಿಂತ್‌ಗೆ 15ಕ್ಕಿಂತ ಕಡಿಮೆ ಇದ್ದರೆ ಒಳಾಂಗಣದ ಕುಂಡಕ್ಕೆ ಅದನ್ನು ನಂಬಬೇಡಿ. ಅಗ್ಗದ ಪ್ಯಾಕೆಟ್ಟುಗಳಲ್ಲಿ ಬರುವುದು ಹೆಚ್ಚಾಗಿ ಇಂಥವೇ. ಹೋದ ವರ್ಷ ಹೂ ಬಿಟ್ಟ ಗೆಡ್ಡೆಯನ್ನು ಎತ್ತಿಟ್ಟು ಈ ವರ್ಷ ಮತ್ತೆ ನೆಟ್ಟಿದ್ದರೂ ಇದೇ ಆಗುತ್ತದೆ. ನಮ್ಮ ಮಾರ್ಚ್ ಬಿಸಿಲಿಗೆ ಎಲೆ ಬೇಗ ಒಣಗುತ್ತದೆ. ಗೆಡ್ಡೆ ಮತ್ತೆ ದಪ್ಪವಾಗಲು ಸಮಯವೇ ಸಿಗುವುದಿಲ್ಲ.

ಮೊಗ್ಗು ಒಳಗೇ ಸತ್ತಿದೆ

ನಮ್ಮ ಮನೆಗಳಲ್ಲಿ ಜಾಸ್ತಿ ಆಗುವುದು ಇದೇ. ಮೊದಲ ಅನುಮಾನ ಫ್ರಿಜ್‌ನಲ್ಲಿದ್ದ ಹಣ್ಣಿನ ಮೇಲೆ ಹೋಗಬೇಕು.

ವಾಸ್ಕೋದಲ್ಲಿರುವ ನಮ್ಮ ಅತ್ತಿಗೆ ಒಮ್ಮೆ ಫೋನ್ ಮಾಡಿ, "ಎಲ್ಲಾ ಗೆಡ್ಡೆಗೂ ಒಂದೇ ಗತಿ ಕಣೇ, ನೀರು ಕಮ್ಮಿ ಆಯ್ತೇನೋ" ಅಂದರು.

"ಅತ್ತಿಗೆ, ಫ್ರಿಜ್‌ನಲ್ಲಿ ಅದರ ಜೊತೆ ಏನಿಟ್ಟಿದ್ರಿ?"

"ಏನಿಲ್ವೇ. ಸೇಬು, ಸ್ವಲ್ಪ ಚಿಕ್ಕು. ಆದ್ರೆ ಗೆಡ್ಡೆನ ಬೇರೆ ಕವರ್‌ನಲ್ಲಿ ಹಾಕಿ ಗಂಟು ಕಟ್ಟಿದ್ದೆ."

ಆ ಗಂಟಿನಿಂದ ಏನೂ ಪ್ರಯೋಜನವಿಲ್ಲ. ಮಾಗುವ ಹಣ್ಣು ಎಥಿಲೀನ್ ಅನಿಲ ಬಿಡುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಅಷ್ಟು ಕಡಿಮೆ ಇದ್ದಾಗ ಮೂಗಿಗೂ ಗೊತ್ತಾಗುವುದಿಲ್ಲ, ತೆಳು ಪ್ಲಾಸ್ಟಿಕ್ ಕವರನ್ನು ದಾಟಿ ಹೋಗುತ್ತದೆ. ಬಾಳೆಗೊನೆಗೆ ಹೊಗೆ ಕೊಟ್ಟು ಹಣ್ಣು ಮಾಡುವ ಊರ ಕಡೆಯ ಪದ್ಧತಿಯಲ್ಲಿ ಕೆಲಸ ಮಾಡುವುದೂ ಹೊಗೆಯಲ್ಲಿರುವ ಇದೇ ಅನಿಲ. 1901ರಲ್ಲಿ ರಷ್ಯಾದ ದಿಮಿತ್ರಿ ನೆಲ್ಯುಬೋವ್ ಅವರು, ಪ್ರಯೋಗಾಲಯದ ದೀಪದ ಗ್ಯಾಸಿನಿಂದ ಬಟಾಣಿ ಸಸಿಗಳು ಅಡ್ಡಡ್ಡ ಬೆಳೆಯುತ್ತಿರುವುದಕ್ಕೆ ಕಾರಣ ಎಥಿಲೀನ್ ಎಂದು ತೋರಿಸಿಕೊಟ್ಟರು. ಹಣ್ಣನ್ನು ಮಾಗಿಸುವ ಆ ಅನಿಲವೇ ಗೆಡ್ಡೆಯೊಳಗಿನ ಮೊಗ್ಗಿಗೆ ವಿಷ. ಎಲೆಗೆ ಅಷ್ಟೇನೂ ಆಗುವುದಿಲ್ಲ. ಅದಕ್ಕೇ ಎಲೆ ಚೆನ್ನಾಗಿ ಬಂದು ಮೊಗ್ಗು ಮಾತ್ರ ಒಣಗಿರುತ್ತದೆ.

ಸೇಬು, ಬಾಳೆ, ಚಿಕ್ಕು, ಪಪ್ಪಾಯಿ, ಸೀಬೆ, ಟೊಮೆಟೊ ಎಲ್ಲವೂ ಈ ಪಟ್ಟಿಯಲ್ಲಿವೆ. ಡಿಸೆಂಬರ್, ಜನವರಿಯಲ್ಲಿ ಘೋಲ್ವಡ್ ಚಿಕ್ಕು ಬಂತೆಂದರೆ ಮುಂಬೈ ಫ್ರಿಜ್‌ಗಳಲ್ಲಿ ಅದಕ್ಕೇ ಜಾಗ ಸಾಲದು. ಮಹಾಬಳೇಶ್ವರದ ಸ್ಟ್ರಾಬೆರಿಯನ್ನು ಮಾತ್ರ ದೂರಬೇಡಿ, ಅದು ಎಥಿಲೀನ್ ಬಿಡುವುದು ತೀರಾ ಕಡಿಮೆ. ಗೆಡ್ಡೆ ಫ್ರಿಜ್‌ನಲ್ಲಿರುವಷ್ಟು ವಾರ ಉಳಿದ ಹಣ್ಣು ಹೊರಗಿರಲಿ. ಮನೆಯವರು ಒಪ್ಪದಿದ್ದರೆ ಈ ಹವ್ಯಾಸಕ್ಕೆ ಕೈ ಹಾಕದಿರುವುದೇ ಒಳ್ಳೆಯದು. ಹಳೆಯ ಸಣ್ಣ ಫ್ರಿಜ್ ಒಂದು ಮೂಲೆಯಲ್ಲಿ ಬಿದ್ದಿದ್ದರೆ ಅದಕ್ಕಿಂತ ಅನುಕೂಲ ಬೇರೆ ಇಲ್ಲ.

ಹಣ್ಣು ಇರಲೇ ಇಲ್ಲ ಅಂತಾದರೆ ಗೆಡ್ಡೆಗಳ ಚೀಲವನ್ನೇ ಮೂಸಿ ನೋಡಿ. ಹುಳಿ ವಾಸನೆ ಬಂದರೆ, ಒಂದೆರಡು ಗೆಡ್ಡೆ ಹಗುರವಾಗಿ, ಬುಡ ಕಂದಾಗಿದ್ದರೆ ಅದು ಫ್ಯುಸೇರಿಯಂ ಎಂಬ ಶಿಲೀಂಧ್ರದ ಕೊಳೆ. ಈ ರೋಗ ಬಂದ ಟ್ಯೂಲಿಪ್ ಗೆಡ್ಡೆ ತಾನೇ ಎಥಿಲೀನ್ ಬಿಡುತ್ತದೆ. ಒಂದು ಕೆಟ್ಟ ಗೆಡ್ಡೆ ಅದೇ ಚೀಲದ ಒಳ್ಳೆಯ ಗೆಡ್ಡೆಗಳ ಮೊಗ್ಗನ್ನೂ ಸಾಯಿಸುತ್ತದೆ. ಅದಕ್ಕೇ ಫ್ರಿಜ್‌ಗೆ ಇಡುವ ಮೊದಲು ಒಂದೊಂದನ್ನೂ ಒತ್ತಿ ನೋಡಬೇಕು, ಎರಡು ವಾರಕ್ಕೊಮ್ಮೆ ತೆಗೆದು ನೋಡಬೇಕು.

ಎರಡನೇ ಅನುಮಾನ ಬೇರಿನ ಮೇಲೆ. ಕುಂಡದಿಂದ ಕಿತ್ತಾಗ ಬೇರು ಬೆರಳುದ್ದವೂ ಇಲ್ಲ, ಆದರೆ ಮೊಳಕೆ ಗೇಣುದ್ದ ಇದೆ ಅಂದರೆ ಉತ್ತರ ಸಿಕ್ಕಿತು. ಮೊಗ್ಗಿಗೆ ನೀರು ತಲುಪಿಲ್ಲ. ಫ್ರಿಜ್‌ನಿಂದ ತೆಗೆದ ಒಣ ಗೆಡ್ಡೆಯನ್ನು ನೇರವಾಗಿ 28 ಡಿಗ್ರಿ ಕೋಣೆಯಲ್ಲಿ ನೆಟ್ಟರೆ ಹೀಗಾಗುತ್ತದೆ. ಸೆಕೆಗೆ ಎಲೆ ಓಡುತ್ತದೆ, ಬೇರು ಹಿಂದೆ ಬೀಳುತ್ತದೆ. ಬೇರಿಗೆ 15 ಡಿಗ್ರಿಯ ಒಳಗಿನ ತಂಪು ಬೇಕು. ಮುಂಬೈ, ಗೋವಾದಲ್ಲಿ ಅಷ್ಟು ತಂಪು ಫ್ರಿಜ್ ಬಿಟ್ಟು ಎಲ್ಲೂ ಇಲ್ಲ. ಹಾಗಾಗಿ ನೆಟ್ಟ ಮೇಲೂ ಕುಂಡ ಸಮೇತ ಎರಡು ಮೂರು ವಾರ ಫ್ರಿಜ್‌ನಲ್ಲೇ ಇರಲಿ. ಕುಂಡದ ತೂತಿನಿಂದ ಬಿಳಿ ಬೇರು ಇಣುಕಿ, ಮೊಳಕೆ ಎರಡು ಇಂಚು ಬಂದ ಮೇಲೆ ಹೊರಗೆ ತನ್ನಿ. ಅಂಗೈ ಅಗಲದ ಮೊಸರು ಡಬ್ಬಿಯ ಬುಡಕ್ಕೆ ತೂತು ಹಾಕಿ ನೆಟ್ಟರೆ ಜಾಗದ ತಕರಾರೂ ಕಡಿಮೆ.

ಇನ್ನು ಏಸಿ. ಗಾಳಿ ನೇರವಾಗಿ ಬಡಿಯುವ ಜಾಗದಲ್ಲಿಟ್ಟರೆ ಬೇರು ಚೆನ್ನಾಗಿದ್ದರೂ ಮೊಗ್ಗಿನ ತುದಿ ಒಣಗುತ್ತದೆ. ಏಸಿ ಕೋಣೆ ಒಳ್ಳೆಯದೇ, ಗಾಳಿಯ ದಾರಿ ಮಾತ್ರ ತಪ್ಪಿಸಿ.

ಹೂ ಬುಡದಲ್ಲೇ ಸಿಕ್ಕಿಕೊಂಡಿದೆ

ಹಯಸಿಂತ್‌ನಲ್ಲಿ ಇದು ತುಂಬಾ ಸ್ಪಷ್ಟವಾಗಿ ಕಾಣುತ್ತದೆ. ಎಲೆಗಳ ನಡುವೆ ಕುತ್ತಿಗೆಯ ಹತ್ತಿರವೇ ನಾಲ್ಕಾರು ಹೂ ಬಿರಿದಿರುತ್ತವೆ, ಉಳಿದವು ಹಸಿರಾಗಿಯೇ ಉಳಿದಿರುತ್ತವೆ. ವಾಸನೆ ಬರುತ್ತದೆ, ಹೂಗೊಂಚಲು ಮೇಲೇಳುವುದಿಲ್ಲ. ಟ್ಯೂಲಿಪ್ ಆದರೆ ನಾಲ್ಕು ಇಂಚಿನ ಕುಳ್ಳ ಗಿಡದ ತಲೆಯಲ್ಲಿ ಹೂ.

ಚಳಿ ಹೂವನ್ನು ಹುಟ್ಟಿಸುವುದಿಲ್ಲ, ಅದು ಮೊದಲೇ ಹುಟ್ಟಿದೆ. ಚಳಿಯ ಕೆಲಸ ದಂಟಿಗೆ ಉದ್ದವಾಗುವ ಶಕ್ತಿ ಕೊಡುವುದು. ತಂಪಿನಲ್ಲಿ ವಾರಗಟ್ಟಲೆ ಕೂತಾಗ ಗೆಡ್ಡೆಯ ಪಿಷ್ಟ ಸಕ್ಕರೆಯಾಗುತ್ತದೆ, ದಂಟಿನ ಜೀವಕೋಶಗಳು ಹಿಗ್ಗಲು ತಯಾರಾಗುತ್ತವೆ. ಅರ್ಧಕ್ಕೆ ಹೊರಗೆ ತೆಗೆದರೆ ಹೂ ಮಾತ್ರ ಅವಸರ ಮಾಡುತ್ತದೆ, ದಂಟು ಏಳುವುದಿಲ್ಲ.

ಎಷ್ಟು ಚಳಿ? 4ರಿಂದ 9 ಡಿಗ್ರಿ ಸೆಲ್ಸಿಯಸ್. ಹಯಸಿಂತ್‌ಗೆ 10ರಿಂದ 14 ವಾರ, ಡ್ಯಾಫೊಡಿಲ್‌ಗೆ 12ರಿಂದ 15, ಟ್ಯೂಲಿಪ್‌ಗೆ 12ರಿಂದ 16. ಪುಣೆಯಲ್ಲಿ ಜನವರಿ ರಾತ್ರಿಯ ಸರಾಸರಿ ಕನಿಷ್ಠ ಸುಮಾರು 11-12 ಡಿಗ್ರಿ, ಮುಂಬೈಯಲ್ಲಿ ಸುಮಾರು 17, ಪಣಜಿಯಲ್ಲಿ 20ರ ಆಸುಪಾಸು. ಮೂರೂ ಕಡೆ ಮಧ್ಯಾಹ್ನ 30 ಮುಟ್ಟುತ್ತದೆ. "ನಮ್ಮ ಪಾಷಾಣ್ ಕಡೆ ಒಮ್ಮೊಮ್ಮೆ ಎಂಟಕ್ಕೆ ಇಳಿಯುತ್ತೆ" ಅಂತ ಪುಣೆಯವರು ಹೇಳುವುದು ಸುಳ್ಳಲ್ಲ. ಆದರೆ ಬೆಳಗಿನ ಜಾವದ ಎರಡು ತಾಸಿನ ಚಳಿ ಗೆಡ್ಡೆಗೆ ಯಾವ ಮೂಲೆಗೂ ಸಾಲದು. ಶ್ರೀನಗರದಲ್ಲಿ ಝಬರ್ವಾನ್ ಬೆಟ್ಟದ ಬುಡದಲ್ಲಿರುವ ಟ್ಯೂಲಿಪ್ ಉದ್ಯಾನದಲ್ಲಿ ನೆಲವೇ ಇಡೀ ಚಳಿಗಾಲ ಫ್ರಿಜ್ ಆಗಿರುತ್ತದೆ. ಅಲ್ಲೂ ಹೂ ಬರುವುದು ಮಾರ್ಚ್ ಕೊನೆ, ಏಪ್ರಿಲ್‌ಗೆ.

ಫ್ರಿಜ್‌ನಲ್ಲಿ ವಾರದ ಲೆಕ್ಕ ಸರಿ ಇಟ್ಟಿದ್ದೆ, ಆದರೂ ಹೀಗಾಯಿತು ಅನ್ನುವವರು ತಾಪಮಾನ ಅಳೆದು ನೋಡಿ. ಒಂದು ಲೋಟ ನೀರಿನಲ್ಲಿ ಥರ್ಮಾಮೀಟರ್ ಅದ್ದಿ, ಗೆಡ್ಡೆ ಇಟ್ಟ ಜಾಗದಲ್ಲೇ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಯಾರೂ ಬಾಗಿಲು ತೆಗೆಯುವ ಮೊದಲು ನೋಡಿ. ಫ್ರಿಜ್‌ನ ಬಾಗಿಲಿನ ಅರೆಯಲ್ಲಿ 10 ದಾಟಿರುವುದುಂಟು. ಹಿಂಬದಿಯ ಗೋಡೆಗೆ ತಾಗಿದ ಜಾಗದಲ್ಲಿ ಸೊನ್ನೆಗೆ ಇಳಿದಿರುವುದೂ ಉಂಟು. ಹೆಪ್ಪುಗಟ್ಟಿದ ಗೆಡ್ಡೆ ಹೊರಗೆ ಬಂದ ಮೇಲೆ ಮೆತ್ತಗಾಗಿ ನೀರು ಬಿಡುತ್ತದೆ, ಅದಕ್ಕೆ ಮದ್ದಿಲ್ಲ. "ಬೇಗ ಆಗಲಿ" ಅಂತ ಫ್ರೀಜರ್‌ನಲ್ಲಿ ಇಟ್ಟವರ ಗೆಡ್ಡೆಗಳ ಕಥೆಯೂ ಇಷ್ಟೇ. ತರಕಾರಿ ಟ್ರೇ ಒಳ್ಳೆಯ ಜಾಗ. ಕಾಗದದ ಚೀಲದಲ್ಲಿ, ಸ್ವಲ್ಪ ಒಣ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಜೊತೆ ಇಡಿ. ಬರಿದೇ ಬಿಟ್ಟರೆ ಈಗಿನ ಫ್ರಿಜ್‌ಗಳ ಒಣ ಗಾಳಿಗೆ ಗೆಡ್ಡೆ ಸುಕ್ಕಾಗುತ್ತದೆ.

ಇನ್ನು ಕ್ಯಾಲೆಂಡರ್. ನನ್ನ ಪ್ರಕಾರ ನಮ್ಮ ಕಡೆಯ ಟ್ಯೂಲಿಪ್ ಸೋಲುಗಳಲ್ಲಿ ಅರ್ಧ ಇಲ್ಲೇ ಇವೆ. ಗೆಡ್ಡೆಗಳು ಇಲ್ಲಿ ಮಾರಾಟಕ್ಕೆ ಬರುವುದು ದೀಪಾವಳಿಯ ಆಚೀಚೆ. ನವೆಂಬರ್ 1ಕ್ಕೆ ಫ್ರಿಜ್‌ಗೆ ಇಟ್ಟಿರಿ ಅನ್ನಿ. ಹಯಸಿಂತ್‌ಗೆ 12 ವಾರ ಹಿಡಿದರೆ ಜನವರಿ 24. ಅಲ್ಲಿಂದ ಎರಡು ಮೂರು ವಾರಕ್ಕೆ ಹೂ, ಅಂದರೆ ಫೆಬ್ರವರಿ ಮಧ್ಯ. ಪುಣೆಗೆ ಹೇಳಿ ಮಾಡಿಸಿದ ಹೊತ್ತು. ಟ್ಯೂಲಿಪ್‌ಗೆ 14 ವಾರ ಹಿಡಿದರೆ ಫೆಬ್ರವರಿ 7, ಹೂ ಬರುವಾಗ ಫೆಬ್ರವರಿ ಕೊನೆ. ಶಿವರಾತ್ರಿಗೆ ಚಳಿ ಶಿವ ಶಿವ ಅಂತ ಹೋಗುತ್ತದೆ ಅನ್ನುತ್ತಾರಲ್ಲ, ನಮ್ಮ ಟ್ಯೂಲಿಪ್ ಎದ್ದು ನೋಡುವುದು ಸರಿಯಾಗಿ ಆ ಹೊತ್ತಿಗೆ. ಅದನ್ನು ನೋಡಿ ಅವಸರಪಟ್ಟು 9-10 ವಾರಕ್ಕೇ ಹೊರಗೆ ತೆಗೆಯುತ್ತಾರೆ, ಕುಳ್ಳ ಹೂ ಸಿಗುತ್ತದೆ.

ಇದಕ್ಕೆ ದಾರಿ ಎರಡೇ. ಅಕ್ಟೋಬರ್ ಮೊದಲ ವಾರಕ್ಕೇ ಗೆಡ್ಡೆ ಸಿಗುವಂತೆ ನೋಡಿಕೊಳ್ಳುವುದು, ಇಲ್ಲವೇ ಚಳಿ ಕೊಟ್ಟೇ ಮಾರುವ ಗೆಡ್ಡೆ ಕೊಳ್ಳುವುದು. ಕೊಳ್ಳುವಾಗ "ಪ್ರೀ-ಚಿಲ್ಡ್" ಅಂತ ಬರೆದಿದ್ದರೆ ಸಾಲದು. ಎಷ್ಟು ವಾರ ಕೊಟ್ಟಿದ್ದಾರೆ, ಯಾವತ್ತು ಹೊರಗೆ ತೆಗೆದರು ಅಂತ ಕೇಳಿ. ಉತ್ತರ ಬಾರದ ಕಡೆ ಕೊಳ್ಳಬೇಡಿ. ಬಂದ ಮೇಲೆ ಪಾರ್ಸೆಲ್ ಅನ್ನು ಹಾಲ್‌ನಲ್ಲಿ ಬಿಟ್ಟು ಭಾನುವಾರ ನೆಡೋಣ ಅನ್ನಬೇಡಿ. ಅಂದೇ ನೆಡಿ, ಆಗದಿದ್ದರೆ ಫ್ರಿಜ್‌ಗೆ ಹಾಕಿ.

ಈಗಾಗಲೇ ಬುಡದಲ್ಲಿ ಸಿಕ್ಕಿಕೊಂಡ ಹಯಸಿಂತ್‌ಗೆ ಒಂದು ಉಪಾಯ ಇದೆ. ದಪ್ಪ ಕಾಗದವನ್ನು ಕಡಲೆಕಾಯಿ ಪೊಟ್ಟಣದ ಹಾಗೆ ಸುತ್ತಿ, ಮೊಳಕೆಯ ಮೇಲೆ ಟೊಪ್ಪಿಯಂತೆ ಕವುಚಿ. ಕತ್ತಲಲ್ಲಿ ದಂಟು ಬೆಳಕು ಹುಡುಕಿಕೊಂಡು ಉದ್ದವಾಗುತ್ತದೆ. ಕುಂಡ ಮನೆಯ ತಂಪಾದ ಜಾಗದಲ್ಲಿರಲಿ, ಪೊಟ್ಟಣವನ್ನು ದಿನಾ ಎತ್ತಿ ನೋಡಿ. ಗೊಂಚಲು ಎಲೆಗಳ ಮೇಲೆ ಬಂದಾಗ ತೆಗೆದುಬಿಡಿ. ಒಂದೂ ಹೂ ಬಿರಿಯುವ ಮೊದಲು ಮಾಡಿದರೆ ಚೆನ್ನಾಗಿ ಕೆಲಸ ಮಾಡುತ್ತದೆ. ಅರ್ಧ ಅರಳಿದ ಮೇಲೆ ಅಷ್ಟಕ್ಕಷ್ಟೇ. ಟ್ಯೂಲಿಪ್‌ಗೆ ಇದನ್ನು ನೆಚ್ಚಿಕೊಳ್ಳಬೇಡಿ. ಅದನ್ನು ಇನ್ನೆರಡು ವಾರ ಫ್ರಿಜ್‌ಗೆ ವಾಪಸ್ ಕಳಿಸುವುದೇ ವಾಸಿ, ಅದೂ ಮೊಳಕೆ ಇನ್ನೂ ಮೋಟಾಗಿದ್ದಾಗ ಮಾತ್ರ.

ಕೊಳೆತರೆ

ಕೊಳೆಯಲ್ಲಿ ಎರಡು ಥರ. ಸಿಪ್ಪೆಯ ಮೇಲೆ ನೀಲಿ-ಹಸಿರು ಬೂಷ್ಟು ಇದ್ದು ಗೆಡ್ಡೆ ಗಟ್ಟಿಯಾಗಿದ್ದರೆ ಹೆದರಬೇಡಿ. ಒರೆಸಿ, ಒಂದು ದಿನ ನೆರಳಲ್ಲಿ ಆರಲು ಬಿಟ್ಟು ನೆಡಿ. ಬುಡದ ಬಿಲ್ಲೆ ಮೆತ್ತಗಾಗಿದ್ದರೆ, ಹೆಬ್ಬೆರಳು ಒಳಗೆ ಹೋದರೆ, ಎಸೆಯಿರಿ. ಬೇರು ಬರುವುದೇ ಆ ಬಿಲ್ಲೆಯಿಂದ.

ಗಾಜಿನ ಲೋಟದಲ್ಲಿ ನೀರಿನ ಮೇಲೆ ಹಯಸಿಂತ್ ಬೆಳೆಸುವವರಿಗೆ ಕೊಳೆ ಕಟ್ಟಿಟ್ಟ ಬುತ್ತಿ, ಅದರಲ್ಲೂ ಮುಂಬೈಯಲ್ಲಿ. ನೀರು ಗೆಡ್ಡೆಗೆ ಮುಟ್ಟಬಾರದು. ಬುಡಕ್ಕೂ ನೀರಿಗೂ ಅರ್ಧ ಸೆಂಟಿಮೀಟರ್ ಅಂತರ ಇರಲಿ, ಬೇರು ತಾನಾಗಿ ಇಳಿದು ಬರುತ್ತದೆ. ನಲ್ಲಿ ನೀರು 25 ಡಿಗ್ರಿ ಇರುವಾಗ ಲೋಟವನ್ನು ಕಿಟಕಿಯಲ್ಲಿ ಇಟ್ಟರೆ ಬೇರಿಗೆ ಮೊದಲು ಲೋಳೆ ಬರುತ್ತದೆ. ಬೇರು ಮೂರು ಇಂಚು ಇಳಿಯುವವರೆಗೆ ಲೋಟ ಸಮೇತ ಫ್ರಿಜ್‌ನಲ್ಲಿಡಿ. ವಾರಕ್ಕೊಮ್ಮೆ ನೀರು ಬದಲಿಸಿ, ಹಾಕುವ ನೀರೂ ಫ್ರಿಜ್‌ನದ್ದೇ ಆಗಿರಲಿ.

ಕುಂಡದ ಕೊಳೆಗೆ ಹೆಚ್ಚಾಗಿ ಕೋಕೋಪೀಟ್ ಕಾರಣ. ಮೇಲೆ ಒಣಗಿದ ಹಾಗೆ ಕಂಡರೂ ಒಳಗೆ ಒದ್ದೆ ಹಿಡಿದುಕೊಂಡಿರುತ್ತದೆ. ಮುಷ್ಟಿಯಲ್ಲಿ ಹಿಂಡಿದಾಗ ನೀರು ತೊಟ್ಟಿಕ್ಕಿದರೆ ಅದು ಜಾಸ್ತಿ ಒದ್ದೆ. ಮೂರನೇ ಒಂದು ಭಾಗ ದಪ್ಪ ಮರಳು ಬೆರೆಸಿ. ಮಣ್ಣನ್ನು ಒತ್ತಿ ತುಂಬಬೇಡಿ. ಬಿಗಿಯಾದರೆ ಬೇರು ಕೆಳಗಿಳಿಯಲಾಗದೆ ಗೆಡ್ಡೆಯನ್ನೇ ಮೇಲಕ್ಕೆ ನೂಕುತ್ತದೆ. ಗೆಡ್ಡೆ ಕುಂಡದಿಂದ ಎದ್ದು ಕೂತಿದೆ ಅಂತ ಬರುವ ಫೋಟೋಗಳಿಗೆ ಕಾರಣ ಇದು.

ಉದ್ದ ಬೆಳೆದು ಮಲಗಿದರೆ

ಬೆಳಕು ಕಡಿಮೆ, ಸೆಕೆ ಜಾಸ್ತಿ. ಪೂರ್ವದ ಕಿಟಕಿಯ ಗ್ರಿಲ್‌ನಲ್ಲಿ ಇಡಿ, ದಿನಾ ಕಾಲು ಸುತ್ತು ತಿರುಗಿಸಿ. ಟ್ಯೂಲಿಪ್ ದಂಟು ಹೂವಿನ ಕೆಳಗೆ ಗಾಜಿನ ಹಾಗೆ ಪಾರದರ್ಶಕವಾಗಿ, ನೀರು ತುಂಬಿದಂತಾಗಿ, ತಟ್ಟನೆ ಬಾಗಿದರೆ ಅದು ಬೇರೆ ತೊಂದರೆ. ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ಬೆಳೆಯುವ ವೇಗಕ್ಕೆ ಸರಿಯಾಗಿ ಮೇಲಕ್ಕೆ ತಲುಪಿಲ್ಲ. ಗಾಳಿಯಾಡದ, ತೇವದ ಮೂಲೆಯಲ್ಲಿ ಇದು ಜಾಸ್ತಿ. ಗಾಳಿಯಾಡುವ ಕಡೆಗೆ ಸರಿಸಿದರೆ ಉಳಿದ ದಂಟುಗಳು ಬಚಾವಾಗುತ್ತವೆ.

ಡ್ಯಾಫೊಡಿಲ್ ಜಾತಿಯದೇ ಆದ ಪೇಪರ್‌ವೈಟ್ ನಾರ್ಸಿಸಸ್‌ನ ವಿಷಯ ಬೇರೆ, ಸ್ವಲ್ಪ ಮಜವೂ ಇದೆ. ಇದಕ್ಕೆ ಚಳಿಯೇ ಬೇಡ. ಕಲ್ಲು, ನೀರು ಇದ್ದರೆ ಸಾಕು, ಮುಂಬೈ ಗೋವಾದವರಿಗೆ ಒಳ್ಳೆಯ ಆಯ್ಕೆ. ಆದರೆ ಮೊಣಕಾಲುದ್ದ ಬೆಳೆದು ಹೂ ಬಂದ ದಿನವೇ ಮಗುಚಿ ಬೀಳುತ್ತದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ವಿಲಿಯಂ ಮಿಲ್ಲರ್ ಅವರು 2006ರಲ್ಲಿ ಪ್ರಕಟಿಸಿದ ಉಪಾಯ: ನೀರಿನ ಬದಲು ಶೇ. 4ರಿಂದ 6ರಷ್ಟು ಆಲ್ಕೋಹಾಲ್ ಇರುವ ನೀರು. ಗಿಡ ಮೂರನೇ ಒಂದು ಭಾಗವೋ ಅದಕ್ಕೂ ಹೆಚ್ಚೋ ಕುಳ್ಳಾಗುತ್ತದೆ, ಹೂವಿನ ಗಾತ್ರ ಹಾಗೇ ಇರುತ್ತದೆ. ಬೇರಿಗೆ ನೀರು ಹೀರುವುದು ಸ್ವಲ್ಪ ಕಷ್ಟವಾಗುವುದರಿಂದ ಹೀಗೆ. ಗೋವಾದವರಿಗೆ ಲೆಕ್ಕ ಸುಲಭ. ಫೆನಿಯಲ್ಲಿ ಆಲ್ಕೋಹಾಲ್ ಶೇ. 40ರ ಮೇಲೆ ಇರುತ್ತದೆ. ಒಂದು ಪಾಲು ಫೆನಿಗೆ ಏಳು ಪಾಲು ನೀರು ಬೆರೆಸಿದರೆ 5ರ ಹತ್ತಿರ ಬರುತ್ತದೆ. ಬೇರು ಹಿಡಿದು, ಮೊಳಕೆ ಒಂದೆರಡು ಇಂಚು ಹಸಿರಾದ ಮೇಲೆ ಹಳೆಯ ನೀರು ಚೆಲ್ಲಿ ಇದನ್ನು ಹಾಕಿ. ಶೇ. 10 ದಾಟಿದರೆ ಗಿಡ ಕೆಡುತ್ತದೆ. ಬಿಯರ್, ವೈನ್ ಬೇಡ, ಅದರ ಸಕ್ಕರೆಯಿಂದ ತೊಂದರೆ. ಮಡಿ ಮಾಡುವ ಮನೆಯವರು ಕಡ್ಡಿ ನಿಲ್ಲಿಸಿ ದಾರ ಕಟ್ಟಿ, ಅದರಿಂದಲೂ ಕೆಲಸ ಆಗುತ್ತದೆ.

ಹೂ ಎರಡೇ ದಿನಕ್ಕೆ ಮುಗಿದರೆ

ಅದು ಶಾಖ, ಬೇರೇನಲ್ಲ. 16-18 ಡಿಗ್ರಿಯಲ್ಲಿ ವಾರದ ಮೇಲೆ ಇರುವ ಟ್ಯೂಲಿಪ್ 30ರಲ್ಲಿ ಎರಡು ಮೂರು ದಿನಕ್ಕೆ ದಳ ಉದುರಿಸುತ್ತದೆ. ರಾತ್ರಿ ಮಲಗುವ ಮುಂಚೆ ಕುಂಡವನ್ನು ಫ್ರಿಜ್‌ಗೆ ಸೇರಿಸಿ, ಬೆಳಿಗ್ಗೆ ತೆಗೆಯಿರಿ. ಫ್ರಿಜ್‌ನಲ್ಲಿ ಹಿಡಿಸದಿದ್ದರೆ ಬಚ್ಚಲಿನ ಕಲ್ಲುನೆಲದ ಮೇಲೆ ಇಡಿ.

ಪುಣೆಯವರಿಗೆ ಇನ್ನೊಂದು ಅನುಕೂಲ. ದೊಡ್ಡ ಮಣ್ಣಿನ ಕುಂಡದಲ್ಲಿ ಒದ್ದೆ ಮರಳು ತುಂಬಿ, ಅದರೊಳಗೆ ಹೂವಿನ ಕುಂಡ ಹೂತಿಡಿ. ಫೆಬ್ರವರಿಯ ಒಣ ಗಾಳಿಗೆ ಹೊರಗಿನ ಮಣ್ಣು ಬೆವರಿ ಒಳಗೆ ತಂಪಾಗುತ್ತದೆ. ಇದೇ ಏರ್ಪಾಡನ್ನು ಡೊಂಬಿವಿಲಿಯಲ್ಲೋ ಮಡಗಾಂವ್‌ನಲ್ಲೋ ಮಾಡಿದರೆ ಏನೂ ಸಿಗುವುದಿಲ್ಲ. ಗಾಳಿಯಲ್ಲೇ ತೇವ ತುಂಬಿರುವಾಗ ನೀರು ಆವಿಯಾಗುವುದೆಲ್ಲಿಂದ? ಮುಂಬೈಯವರು ಕೊಳ್ಳುವಾಗಲೇ ಟ್ಯೂಲಿಪ್ ಬಿಟ್ಟು ಚಳಿ ಕೊಟ್ಟ ಹಯಸಿಂತ್ ತೆಗೆದುಕೊಳ್ಳಲಿ ಅನ್ನುವುದು ನನ್ನ ಅಭಿಪ್ರಾಯ. ಕ್ರೋಕಸ್ ಎಂಬ ಪುಟ್ಟ ಗೆಡ್ಡೆಹೂ ನಮ್ಮ ಯಾವ ಊರಿಗೂ ಬೇಡ, ಅಷ್ಟು ಶ್ರಮಕ್ಕೆ ತಕ್ಕ ಹೂವಲ್ಲ.

ದೋಷ ಅಲ್ಲದವು

ಟ್ಯೂಲಿಪ್ ಬೆಳಿಗ್ಗೆ ಬಿರಿದು ರಾತ್ರಿ ಮುಚ್ಚಿಕೊಂಡರೆ ಬಾಡಿತು ಅಂತಲ್ಲ. ಬಿಸಿಯಾದಾಗ ಬಿರಿಯುತ್ತದೆ, ತಂಪಾದಾಗ ಮುಚ್ಚುತ್ತದೆ. ಏಸಿ ಹಾಕಿದರೆ ಮಧ್ಯಾಹ್ನವೂ ಮುಚ್ಚಿಕೊಳ್ಳಬಹುದು. ಕಂದು ಸಿಪ್ಪೆ ಕಳಚಿಹೋದ ಗೆಡ್ಡೆಯೂ ಕೆಟ್ಟದ್ದಲ್ಲ, ಬುಡ ಗಟ್ಟಿ ಇದ್ದರೆ ಆಯಿತು.

ಪೇಪರ್‌ವೈಟ್ ಅರಳಿದಾಗ ಮನೆಯಲ್ಲಿ ಏನೋ ಸತ್ತಿದೆ ಅಂತ ಸೋಫಾ ಸರಿಸಿ ನೋಡಿದವರಿದ್ದಾರೆ. ಅದರ ವಾಸನೆಯಲ್ಲಿ ಇಂಡೋಲ್ ಎಂಬ ಅಂಶವಿದೆ, ಮಲ್ಲಿಗೆಯಲ್ಲೂ ಅದು ಇದೆ. ಕೆಲವರಿಗೆ ಸುಗಂಧ, ಕೆಲವರಿಗೆ ಸಗಣಿ. ಮುಚ್ಚಿದ ಏಸಿ ಕೋಣೆಯಲ್ಲಿ ಇಡದಿದ್ದರೆ ಜಗಳ ತಪ್ಪುತ್ತದೆ.

ಡಬ್ಬದ ಮೇಲೆ ಹೆಸರು ಬರೆಯಿರಿ

ಇದು ಗಿಡದ ದೋಷವಲ್ಲ, ಆದರೆ ಬಿಡುವ ಹಾಗಿಲ್ಲ. ತರಕಾರಿ ಟ್ರೇಯಲ್ಲಿ ಕೂತ ಡ್ಯಾಫೊಡಿಲ್ ಗೆಡ್ಡೆ ನೋಡಲು ಥೇಟ್ ಈರುಳ್ಳಿ. ಅದರಲ್ಲಿ ಲೈಕೋರಿನ್ ಎಂಬ ವಿಷವಿದೆ, ತಿಂದರೆ ಹೊಟ್ಟೆನೋವು, ವಾಂತಿ. 2009ರಲ್ಲಿ ಇಂಗ್ಲೆಂಡಿನ ಒಂದು ಶಾಲೆಯಲ್ಲಿ ಈರುಳ್ಳಿಯ ಜೊತೆ ಡ್ಯಾಫೊಡಿಲ್ ಗೆಡ್ಡೆಯೊಂದು ಸೂಪಿಗೆ ಬಿದ್ದು ಮಕ್ಕಳು ಆಸ್ಪತ್ರೆ ಸೇರಿದ್ದರು. ಅಡುಗೆಗೆ ಬರುವ ಅಕ್ಕನಿಗೆ ತೋರಿಸಿ ಹೇಳಿ, ಚೀಲದ ಮೇಲೆ ಅವರು ಓದುವ ಭಾಷೆಯಲ್ಲಿ ದಪ್ಪಗೆ ಬರೆಯಿರಿ. ಮರಾಠಿಯೋ ಕೊಂಕಣಿಯೋ, ಯಾವುದೋ ಅದು. ಬೆಕ್ಕು, ನಾಯಿ ಇರುವ ಮನೆಯಲ್ಲಿ ಟ್ಯೂಲಿಪ್, ಹಯಸಿಂತ್, ಅಮರಿಲಿಸ್ ಯಾವುದೂ ಅವುಗಳ ಬಾಯಿಗೆ ಸಿಗಬಾರದು.

ಅಮರಿಲಿಸ್ ಕೈಕೊಟ್ಟರೆ

ಗೋವಾದವರು ಕೇಳುವುದು ಹೆಚ್ಚಾಗಿ ಇದನ್ನೇ. ನರ್ಸರಿಯಲ್ಲಿ ಲಿಲ್ಲಿ ಅಂತ ಮಾರುವ, ಕಹಳೆಯಂಥ ಕೆಂಪು ಹೂವಿನ ಗೆಡ್ಡೆ ಇದು. ಇದಕ್ಕೆ ಫ್ರಿಜ್ ಬೇಡ. ಎಲೆ ಮಾತ್ರ ಬರುತ್ತಿದ್ದರೆ ಅದಕ್ಕೆ ವಿಶ್ರಾಂತಿ ಸಿಕ್ಕಿಲ್ಲ, ಇಲ್ಲವೇ ಗೆಡ್ಡೆ ಎಳೆಯದು. ಅಕ್ಟೋಬರ್‌ನಿಂದ ಎರಡು ತಿಂಗಳು ನೀರು ನಿಲ್ಲಿಸಿ, ಎಲೆ ಒಣಗಲಿ. ಆಮೇಲೆ ಕುತ್ತಿಗೆ, ಭುಜ ಮಣ್ಣಿನ ಮೇಲೆ ಕಾಣುವಂತೆ ನೆಟ್ಟು ಸ್ವಲ್ಪ ನೀರು ಕೊಡಿ. ಆರರಿಂದ ಎಂಟು ವಾರಕ್ಕೆ ಹೂ. ದಂಟಿನ ಮೇಲೆ ಕೆಂಪು ಗೀರು, ಚುಕ್ಕೆ ಬಂದು ಒಂದು ಕಡೆ ಬಾಗಿದರೆ ಅದು ಶಿಲೀಂಧ್ರ. ಆ ಭಾಗ ಕತ್ತರಿಸಿ, ಕುತ್ತಿಗೆಯ ಮೇಲೆ ನೀರು ಬೀಳದಂತೆ ಕುಂಡದ ಅಂಚಿನಲ್ಲಿ ಹಾಕಿ. ಹೂ ಮುಗಿದ ಮೇಲೆ ಟ್ಯೂಲಿಪ್, ಹಯಸಿಂತ್ ಗೆಡ್ಡೆಗಳನ್ನು ಕಾಂಪೋಸ್ಟ್‌ಗೆ ಹಾಕಿ, ಇದನ್ನು ಮಾತ್ರ ಇಟ್ಟುಕೊಳ್ಳಿ. ಮಳೆಗಾಲದಲ್ಲಿ ಬಾಲ್ಕನಿಯ ಸೂರಿನಡಿ ಇದ್ದರೆ ಮುಂದಿನ ವರ್ಷ ಗೆಡ್ಡೆ ಇನ್ನೂ ದಪ್ಪವಾಗಿರುತ್ತದೆ.